ಎಡಭುಜದ ಮೇಲಿನ ಜಾಗ

“ಅಕ್ಕಾ, ಹಿಂದಿನ ಪಟ್ಟಿ ಇನ್ನೊಂಚೂರು ಬಿಗಿ ಮಾಡೇ,” ಎಂದು ಗುಬ್ಬಿ ಬೆನ್ನು ತಿರುಗಿಸಿ ನಿಂತಳು.

ಹಲ್ಲಕ್ಕ ತನ್ನ ಬೂಟಿನ ದಾರವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಂಗಿಯ ಎದೆಕವಚದ ಪಟ್ಟಿಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿದಳು. ಬೇಕಾದ್ದಕ್ಕಿಂತ ಒಂದು ತೂತು ಹೆಚ್ಚಾಗಿಯೇ ಎಳೆದಳು.

“ಉಸಿರಾಡೋಕಾದ್ರೂ ಬಿಡೇ ತಾಯಿ!” ಗುಬ್ಬಿ ನಕ್ಕಳು. ಕೋಣೆಯಲ್ಲಿದ್ದ ಇನ್ನೂ ನಾಲ್ಕು ಜನ ಹುಡುಗಿಯರು ನಕ್ಕರು. ಗುಬ್ಬಿ ಏನು ಹೇಳಿದರೂ ಸುತ್ತಲಿನವರು ನಗುತ್ತಿದ್ದರು. ಅದೂ ಹಲ್ಲಕ್ಕನಿಗೆ ಈಚೆಗೆ ಸೇರುತ್ತಿರಲಿಲ್ಲ.

ನಾಲ್ಕು ದಿನದ ಆಯ್ಕೆ ಶಿಬಿರದ ಕೊನೆಯ ದಿನ ಅದು. ದೇಶದ ಹೆಂಗಸರ ಐಸ್ ಹಾಕಿ ತಂಡ ಬರುವ ತಿಂಗಳು ವಿಶ್ವ ಪಂದ್ಯಾವಳಿಗೆ ಹೊರಡಬೇಕಿತ್ತು. ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರು, ಅದರಲ್ಲಿ ಗೋಲ್ ಕಾಯುವವರು ಮೂವರು. ಮೊದಲಿನ ಇಬ್ಬರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಮೂರನೆಯ ಜಾಗಕ್ಕೆ ಉಳಿದಿದ್ದವರು ಈ ಅಕ್ಕತಂಗಿಯರು.

ಅಕ್ಕನಿಗೆ ಮೂವತ್ತನಾಲ್ಕು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕಾರ್ಖಾನೆಯಲ್ಲಿ ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮೇಣ, ಪ್ಲಾಸ್ಟರ್ ಅಚ್ಚು, ಯಾರದೋ ದವಡೆ. ತಂಡದ ಪ್ರತಿಯೊಬ್ಬಳ ಬಾಯಿಗೂ ಹಲ್ಲಿನ ಕಾಪು ಮಾಡಿಕೊಟ್ಟವಳು ಅವಳೇ ಆದ್ದರಿಂದ ಎಲ್ಲರ ಬಾಯಲ್ಲೂ ಹಲ್ಲಕ್ಕನಾಗಿದ್ದಳು. ಹಿಂದೆ ಎರಡು ಸಲ ಮೂರನೆಯ ಗೋಲ್‌ಕೀಪರ್ ಆಗಿ ಪಂದ್ಯಾವಳಿಗೆ ಹೋಗಿದ್ದಳು. ಎರಡು ಸಲವೂ ಬೆಂಚಿನ ತುದಿಯಲ್ಲಿ ಕೂತು, ಆಡುವವರು ಅಂಗಣಕ್ಕೆ ಇಳಿದು ಹತ್ತುವಾಗ ಬಾಗಿಲು ತೆಗೆದು ಮುಚ್ಚಿದ್ದಷ್ಟೇ ಬಂತು. ಒಂದೇ ಒಂದು ನಿಮಿಷವೂ ಗೋಲಿನ ಮುಂದೆ ನಿಲ್ಲಲಿಲ್ಲ. ಈ ಸಲ ಮೊದಲನೆಯವಳ ಮಂಡಿ ಸರಿಯಿರಲಿಲ್ಲ. ಮೂರನೆಯವಳಿಗೂ ಆಡುವ ಅವಕಾಶ ಸಿಕ್ಕೀತು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ತಂಗಿ ಹನ್ನೊಂದು ವರ್ಷ ಚಿಕ್ಕವಳು. ಅಮ್ಮನಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸವಿದ್ದಾಗ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅಭ್ಯಾಸಕ್ಕೆ ಕರೆತರುತ್ತಿದ್ದವಳು ಅಕ್ಕನೇ. ಸುಮ್ಮನೆ ಕೂರುವ ಮಗುವಲ್ಲ. ಕೈಗೆ ದೊಡ್ಡ ಗವಸು ಹಾಕಿ ಗೋಲಿನಲ್ಲಿ ನಿಲ್ಲಿಸಿದ್ದೂ ಅಕ್ಕನೇ. ಆಗ ಎಲ್ಲರೂ, “ಅಯ್ಯೋ, ಎಷ್ಟು ಮುದ್ದಾಗಿದೆ!” ಎಂದಿದ್ದರು. ಈಗ ಎಲ್ಲರೂ, “ನಿನ್ನ ತಂಗಿ ಏನ್ ಆಡ್ತಾಳೇ!” ಎನ್ನುತ್ತಿದ್ದರು. ಹೇಳಿದವರಿಗೆ ನಕ್ಕು ತಲೆಯಾಡಿಸಿ ಬರುವಷ್ಟರಲ್ಲಿ ಹಲ್ಲಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಛೆ, ಒಡಹುಟ್ಟಿದವಳ ಮೇಲೆ ಇದೆಂಥ ಸಂಕಟ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡರೆ ಆರುವ ಕೆಂಡವಾಗಿರಲಿಲ್ಲ ಅದು.

ಅಂದು ಬೆಳಿಗ್ಗೆ ಹೊರಡುವಾಗ ಅಮ್ಮ ಬಾಗಿಲ ಬಳಿ ಅವಳನ್ನು ತಡೆದು ಮೆಲ್ಲಗೆ ಹೇಳಿದ್ದಳು. “ನೀನು ಎರಡು ಸಲ ನೋಡ್ಕೊಂಡು ಬಂದಿದ್ದೀಯಲ್ಲ. ಈ ಸಲ ಅವಳು ಹೋಗ್ಲಿ ಬಿಡೇ.”

ನೋಡಿಕೊಂಡು ಬರುವುದಕ್ಕೆ ಅದೇನು ಪ್ರವಾಸವೇ? ಹಲ್ಲಕ್ಕ ದಡದಡನೆ ಮೆಟ್ಟಿಲಿಳಿದಿದ್ದಳು. ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಇತ್ತು.

ಕೊನೆಯ ಪರೀಕ್ಷೆ ಒಂದು ಪೂರ್ತಿ ಪಂದ್ಯ. ಕೆಂಪು ಅಂಗಿಯವರ ಗೋಲಿಗೆ ಹಲ್ಲಕ್ಕ, ಬಿಳಿ ಅಂಗಿಯವರ ಗೋಲಿಗೆ ಗುಬ್ಬಿ. ಗಾಜಿನಾಚೆ ಕೋಚ್ ಮೇಡಂ ಮತ್ತು ಇಬ್ಬರು ಆಯ್ಕೆಗಾರರು ಕೋಟಿನ ಕಾಲರು ಎತ್ತಿಕೊಂಡು ಕಾಗದ ಹಿಡಿದು ಕೂತಿದ್ದರು. ಇಪ್ಪತ್ತು ನಿಮಿಷದ ಮೂರು ಭಾಗಗಳಲ್ಲಿ ಎರಡು ಮುಗಿಯುವಷ್ಟರಲ್ಲಿ ಹಲ್ಲಕ್ಕ ಒಂದು ಗೋಲು ಬಿಟ್ಟಿದ್ದಳು. ಯಾರದೋ ಕಾಲಿಗೆ ತಾಗಿ ದಿಕ್ಕು ತಪ್ಪಿ ಬಂದ ಬಿಲ್ಲೆ ಅದು, ಯಾರಿದ್ದರೂ ಬಿಡುತ್ತಿದ್ದರು. ಆದರೆ ಗುಬ್ಬಿ ಒಂದನ್ನೂ ಬಿಟ್ಟಿರಲಿಲ್ಲ. ಆ ಕರಿ ರಬ್ಬರ್ ಬಿಲ್ಲೆ ಅವಳಿಗೆ ಹೇಳಿಕೊಂಡೇ ಬರುತ್ತಿದೆಯೇನೋ ಎನ್ನುವ ಹಾಗೆ ಮೊದಲೇ ಅಲ್ಲಿರುತ್ತಿದ್ದಳು.

ವಿರಾಮದಲ್ಲಿ ಕೆಂಪು ತಂಡದ ಮುಖ್ಯ ಹೊಡೆತಗಾರ್ತಿ, ಎಲ್ಲರೂ ಎಡಚಿ ಎಂದು ಕರೆಯುವವಳು, ಹಲ್ಲಕ್ಕನ ಪಕ್ಕ ದೊಪ್ಪನೆ ಕೂತು ನೀರು ಕುಡಿದಳು. “ನಿನ್ನ ತಂಗಿ ಗೋಡೆ ಕಣೇ ಹಲ್ಲಕ್ಕಾ. ಆರು ಸಲ ಹೊಡ್ದೆ. ನಾನೂ ಪಟ್ಟಿ ಸೇರ್ಬೇಕಲ್ವಾ? ಇಂಥವಳ ಮುಂದೆ ಏನು ಮಾಡ್ಲಿ ಹೇಳು?”

ಏನು ಮಾಡಬೇಕು ಎನ್ನುವುದು ಹಲ್ಲಕ್ಕನಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು. ಮಂಡಿಯೂರಿ ಕೆಳಗಿನ ಹೊಡೆತ ತಡೆಯುವಾಗ ಗುಬ್ಬಿಯ ಎಡಗೈ, ಬಿಲ್ಲೆ ಹಿಡಿಯುವ ಕೈ, ಮಂಡಿಯ ಜೊತೆಗೇ ಒಂದು ಗೇಣು ಕೆಳಗಿಳಿಯುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ಎಡಭುಜದ ಮೇಲೆ ಜಾಗ ಖಾಲಿ. ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡೆಸೆದು ಅಭ್ಯಾಸ ಮಾಡಿಸುವಾಗ ಇದನ್ನು ಕಂಡಿದ್ದಳು. ಹೇಳಬೇಕು ಎಂದುಕೊಂಡಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಹಾಗೆಯೇ ಎರಡು ವರ್ಷ ಕಳೆದಿತ್ತು.

“ಮೊದಲು ಕೆಳಗೆ ಹೊಡೆಯೋ ಹಾಗೆ ಮಾಡು,” ಎಂದಳು ಹಲ್ಲಕ್ಕ. ತನ್ನ ದನಿ ಇಷ್ಟು ಸಹಜವಾಗಿ ಬರುತ್ತಿರುವುದು ಅವಳಿಗೇ ಆಶ್ಚರ್ಯವಾಯಿತು. “ಅವಳು ಮಂಡಿ ಊರ್ತಿದ್ದ ಹಾಗೇ ಎಡಭುಜದ ಮೇಲೆ ಎತ್ತಿ ಹೊಡಿ.”

ಎಡಚಿ ಅವಳ ಮುಖವನ್ನೊಮ್ಮೆ ನೋಡಿ ಎದ್ದುಹೋದಳು.

ಮೂರನೆಯ ಭಾಗ ಶುರುವಾಗಿ ಎರಡೇ ನಿಮಿಷಕ್ಕೆ ಗುಬ್ಬಿಯ ಹಿಂದಿನ ಬಲೆ ಅಲುಗಿತು. ಅಂಗಣದ ಈ ತುದಿಯಲ್ಲಿ ನಿಂತಿದ್ದ ಹಲ್ಲಕ್ಕನ ಎದೆಯಲ್ಲಿ ಏನೋ ಜಿಗಿಯಿತು. ಅದು ಸಂತೋಷವೇ. ಬೇರೆ ಹೆಸರಿಡಲು ಅವಳಿಗೆ ಬಿಡುವಿರಲಿಲ್ಲ. ಮತ್ತೆ ನಾಲ್ಕು ನಿಮಿಷಕ್ಕೆ ಅದೇ ಎಡಚಿ, ಅದೇ ಜಾಗ, ಎರಡನೆಯ ಗೋಲು. ಗಾಜಿನಾಚೆ ಮೂರು ತಲೆಗಳು ಬಗ್ಗಿ ಏನೋ ಬರೆದುಕೊಂಡವು.

ಗುಬ್ಬಿ ಮುಖವಾಡವನ್ನು ಮೇಲೆತ್ತಿ, ಬಲೆಯ ಮೇಲಿಟ್ಟಿದ್ದ ಬಾಟಲಿ ತೆಗೆದು ನೀರು ಕುಡಿದಳು. ಎಡಗೈಯನ್ನು ಒಮ್ಮೆ ಇಳಿಸಿ ನೋಡಿದಳು, ಮತ್ತೆ ಎತ್ತಿ ನೋಡಿದಳು. ಆಮೇಲೆ ತಲೆಯೆತ್ತಿ ಅಷ್ಟುದ್ದದ ಮಂಜುಗಡ್ಡೆಯಾಚೆ ಅಕ್ಕನ ಕಡೆ ನೋಡಿದಳು. ಹಲ್ಲಕ್ಕ ಬಗ್ಗಿ, ಸಡಿಲವಾಗದೇ ಇದ್ದ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡಳು.

ಮುಂದಿನ ಸಲ ಎಡಚಿ ಹಾಗೇ ನುಗ್ಗಿ ಬಂದು, ಕೆಳಗೆ ಹೊಡೆಯುವಂತೆ ನಟಿಸಿ, ಮೇಲಕ್ಕೆತ್ತಿ ಹೊಡೆದಳು. ಬಿಲ್ಲೆ ಗುಬ್ಬಿಯ ಗವಸಿನೊಳಗೆ ಟಪ್ ಎಂದು ಕೂತ ಸದ್ದು ಇಡೀ ಅಂಗಣಕ್ಕೆ ಕೇಳಿಸಿತು. ಆಮೇಲೆ ಇನ್ನೊಂದು. ಅದಾದಮೇಲೆ ಮತ್ತೂ ಒಂದು. ಮಂಡಿ ಇಳಿಯುತ್ತಿತ್ತು, ಕೈ ಇಳಿಯುತ್ತಿರಲಿಲ್ಲ. ತಾನು ಎರಡು ವರ್ಷ ಬಚ್ಚಿಟ್ಟಿದ್ದನ್ನು ಇವಳು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ತಿದ್ದಿಕೊಂಡಳಲ್ಲ ಎಂದು ಹಲ್ಲಕ್ಕನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಕೆಂಪು ಅಂಗಿಯವರು ಎರಡು–ಒಂದರಿಂದ ಗೆದ್ದರು. ಗೆದ್ದವರೆಲ್ಲ ಅವಳ ಹೆಲ್ಮೆಟ್ಟಿಗೆ ತಟ್ಟಿದರು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಮಹಡಿಯ ಕೋಣೆಗೆ ಕರೆದರು. ಹಲ್ಲಕ್ಕನ ಸರದಿ ಬಂದಾಗ ಒಳಗೆ ಕೋಚ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಕೂತ್ಕೊ,” ಎಂದರು. “ಸುತ್ತಿ ಬಳಸಿ ಹೇಳೋದು ನಂಗೆ ಬರಲ್ಲ. ಮೂರನೆಯವಳು ಗುಬ್ಬಿ.”

“ಎರಡು ಗೋಲ್ ಬಿಟ್ಟಳಲ್ಲ ಮೇಡಂ.” ಮಾತು ತಡೆಯುವ ಮೊದಲೇ ಬಾಯಿಂದ ಜಾರಿತು.

“ಬಿಟ್ಟಿದ್ದಕ್ಕೇ. ಇವತ್ತು ಬೆಳಿಗ್ಗೆವರೆಗೂ ನಿನ್ನ ಹೆಸರೇ ಬರೆದಿಟ್ಟಿದ್ವಿ. ಅವಳ ಕೈ ಇಳಿಯೋದನ್ನ ವಿಡಿಯೋದಲ್ಲಿ ನೋಡಿದ್ವಿ. ಹೊರಗಿನ ಟೀಮುಗಳು ಒಂದೇ ದಿನದಲ್ಲಿ ಅದನ್ನ ಕಂಡುಹಿಡಿದು ಅವಳ ಕಥೆ ಮುಗಿಸ್ತಾರೆ ಅನ್ನೋ ಭಯ ಇತ್ತು. ಇವತ್ತು ಹೊಡೆತ ತಿಂದು, ನಿಂತ ನಿಲುವಿನಲ್ಲೇ ಸರಿಮಾಡ್ಕೊಂಡಳು. ಇನ್ನೇನು ಬೇಕು?” ಮೇಡಂ ಮುಂದಕ್ಕೆ ಬಾಗಿದರು. ಅವರ ದನಿ ಮೆತ್ತಗಾಯಿತು. “ಎಡಚಿ ಎಲ್ಲಾ ಹೇಳಿದಳು. ಬಾಯಲ್ಲಿ ಹೇಳಿದ್ರೆ ನಾಟಲ್ಲ ಅಂತ ಗೋಲ್ ಹೊಡೆಸಿ ಕಲಿಸಿದೆಯಲ್ಲ, ಅದೂ ನಿನ್ನ ಜಾಗ ಹೋಗುತ್ತೆ ಅಂತ ಗೊತ್ತಿದ್ದೂ. ದೊಡ್ಡ ಮನಸ್ಸು ಕಣಮ್ಮ ನಿಂದು. ಗುಬ್ಬಿಗೂ ಹೇಳಿದ್ದೀನಿ.”

ಹಲ್ಲಕ್ಕ ಎದ್ದು ನಿಂತಳು. ಮೇಡಂ, ಅವರ ಪಕ್ಕ ಕೂತಿದ್ದ ಇಬ್ಬರು ಆಯ್ಕೆಗಾರರು, ಮೂವರೂ ಎದ್ದು ಕೈಕುಲುಕಿದರು. ಮೂರೂ ಜನರ ಕೈ ಬೆಚ್ಚಗಿತ್ತು.

ಗುಬ್ಬಿ ಹಿಂದಿನ ಬಾಗಿಲ ಹೊರಗೆ, ಅಂಗಣದಿಂದ ಕೆರೆದು ತಂದು ಸುರಿದ ಮಂಜಿನ ಕೊಳಕು ರಾಶಿಯ ಪಕ್ಕ ನಿಂತಿದ್ದಳು. ಅಕ್ಕ ಬರುವುದನ್ನು ನೋಡಿ ಓಡಿ ಬರಲಿಲ್ಲ.

“ನೀನೇ ಬೇಕೂಂತ ಕಲಿಸಿದ್ದು ಅಂದ್ರು ಮೇಡಂ. ಹೌದಾ?”

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು. ಮೂವರು ದೊಡ್ಡವರು ಅದನ್ನು ಆಗಲೇ ನಂಬಿದ್ದರು. ಸಂಜೆಯೊಳಗೆ ಅಮ್ಮನೂ ನಂಬುತ್ತಿದ್ದಳು. ಗುಬ್ಬಿ ಕೂಡ ನಂಬಲು ಆಸೆಪಟ್ಟು ಕಾಯುತ್ತಿದ್ದಳು.

“ಇಲ್ಲ,” ಎಂದಳು ಹಲ್ಲಕ್ಕ.

ಗುಬ್ಬಿ ಬೂಟಿನ ತುದಿಯಿಂದ ಮಂಜಿನ ರಾಶಿಯನ್ನು ಒದ್ದಳು. “ಎಷ್ಟು ದಿನದಿಂದ ಗೊತ್ತಿತ್ತು?”

“ಎರಡು ವರ್ಷ.”

“ಹೋದ ವರ್ಷ ಲೀಗ್ ಫೈನಲ್‌ನಲ್ಲಿ ನಂಗೆ ಐದು ಗೋಲ್ ಬಿತ್ತು. ಆಟಾನೇ ಬಿಟ್ಬಿಡ್ತೀನಿ ಅಂತ ಎಷ್ಟು ಅತ್ತಿದ್ದೆ. ನೀನು ಪಕ್ಕದಲ್ಲೇ ಮಲಗಿ ತಲೆ ಸವರ್ತಿದ್ದೆ.”

“ಹೂಂ.”

“ಆಗ್ಲೂ ಹೇಳಲಿಲ್ಲ.”

“ಇಲ್ಲ ಕಣೇ.”

ಗುಬ್ಬಿ ಮೂಗೊರೆಸಿಕೊಂಡು, “ಬಸ್ ಬರೋ ಹೊತ್ತಾಯ್ತು,” ಎಂದು ತನ್ನ ಚೀಲ ಹೆಗಲಿಗೇರಿಸಿ ನಡೆದಳು.

ಬಸ್ಸಿನಲ್ಲಿ ಅಷ್ಟೇನೂ ಜನರಿರಲಿಲ್ಲ. ಗುಬ್ಬಿ ಮುಂದೆ, ಚಾಲಕನ ಹಿಂದಿನ ಒಂಟಿ ಸೀಟಿನಲ್ಲಿ ಹೋಗಿ ಕೂತಳು. ಅವಳ ದಪ್ಪ ಚೀಲಕ್ಕೆ ಅಲ್ಲಿ ಜಾಗವಿರಲಿಲ್ಲ. ನಡುವಿನ ಓಣಿಯಲ್ಲೇ ಬಿಟ್ಟಿದ್ದಳು. ಹಲ್ಲಕ್ಕ ನಾಲ್ಕು ಸೀಟು ಹಿಂದೆ ಕೂತಳು. ತಂಗಿಯ ಒದ್ದೆ ಜಡೆ, ಕಿಟಕಿಗೆ ಒರಗಿದ ಒಂದು ಕಿವಿ, ಅಷ್ಟೇ ಕಾಣುತ್ತಿತ್ತು. ಮೊದಲ ತಿರುವಿನಲ್ಲಿ ಚೀಲ ಜಾರಿ ಹಿಂದಕ್ಕೆ ಬಂತು. ಗುಬ್ಬಿ ತಿರುಗಿ ನೋಡಲಿಲ್ಲ. ಹಲ್ಲಕ್ಕ ಕಾಲು ಚಾಚಿ ಅದನ್ನು ತಡೆದಳು. ಬಸ್ಸು ಸೇತುವೆ ಹತ್ತಿತು, ಇಳಿಯಿತು, ಮಾರುಕಟ್ಟೆಯ ಬಳಿ ನಿಂತು ಜನರನ್ನು ತುಂಬಿಕೊಂಡಿತು. ಹತ್ತಿದವರು ಗೊಣಗುತ್ತ ದಾಟಿಕೊಂಡು ಹೋದರು. ಮಂಡಿ ನೋಯತೊಡಗಿದರೂ ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.