ಗ್ರೈಂಡರ್ ತಿರುಗುವ ಹೊತ್ತಿಗೆ

"ಏ ವಿನೋದಿನಿ, ನಿಮ್ಮಪ್ಪ ಕಂಪನಿ ಕಂಪ್ಯೂಟರ್ ತರಿಸಿಬಿಟ್ಟಿದ್ದಾರೆ ಕಣೇ! ಕಲರ್ ಅಂತೆ! ಗಲ್ಲಾ ಮೇಜಿನ ಮೇಲೇ ಕೂರಿಸಿದ್ದಾರಂತೆ!"

ವಿಲೆ ಪಾರ್ಲೆ ಸ್ಟೇಷನ್ನಿನ ಮೆಟ್ಟಿಲಲ್ಲೇ ವನಮಾಲಾ ಒಂದೇ ಉಸಿರಿಗೆ ಒದರಿದಳು.

"ನಿಂಗೆ ಯಾರು ಹೇಳಿದ್ದು ಮಾರಾಯ್ತಿ?"

"ನಮ್ಮಪ್ಪ. ಬ್ಯಾಂಕಿಂದ ಕಾಫಿಗೆ ಅಂತ ನಿಮ್ಮ ಹೋಟೆಲಿಗೆ ಹೋಗಿದ್ರಲ್ಲ, ನೋಡ್ಬಿಟ್ಟು ಮನೆಗೆ ಫೋನ್ ಮಾಡಿದ್ರು. ಇವತ್ತು ಟ್ರಯಲ್ಲಂತೆ. ಸರಿಹೋದ್ರೆ ಸಂಜೆಗೇ ಆರ್ಡರ್."

ವಿನೋದಿನಿಯ ಅಪ್ಪ ರಮಾನಾಥನ ಹೋಟೆಲು ಗ್ರಾಂಟ್ ರೋಡಿನಲ್ಲಿ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಲ್ಯಾಮಿಂಗ್ಟನ್ ರೋಡು, ಬಿಡಿಭಾಗಗಳ ಅಂಗಡಿಗಳ ಸಾಲು. ಹಾರ್ಡ್‌ವೇರ್ ಕ್ಲಾಸು ಸೇರಿದಂದಿನಿಂದ ವಿನೋದಿನಿ ಆ ಸಾಲನ್ನು ಅರೆದು ಕುಡಿದಿದ್ದಳು. ಮದರ್‌ಬೋರ್ಡು ಇಂಥವನಲ್ಲಿ, ಫ್ಲಾಪಿ ಡ್ರೈವು ಅಂಥವನಲ್ಲಿ, ಹಾರ್ಡ್ ಡಿಸ್ಕನ್ನು ಮಾತ್ರ ಓಡಿಸಿ, ಸದ್ದು ಕೇಳಿಯೇ ತರುವುದು. ಹೋಟೆಲಿನ ಬಿಲ್ಲಿಗೆ ಬೇಕಾದ ಕಂಪ್ಯೂಟರನ್ನು ತಾನೇ ಜೋಡಿಸುತ್ತೇನೆಂದು ಅಪ್ಪನಿಗೆ ಹೇಳಿದಾಗ ಅವನು "ನೋಡುವ" ಅಂದಿದ್ದ. ಭಾನುವಾರ ಮಾತ್ರ ಮಾಡುವ ಮೂಡೆ ಇಡ್ಲಿಯನ್ನು ಮಂಗಳವಾರ ಬಂದು ಕೇಳುವ ಗಿರಾಕಿಗೂ ಅವನು "ನೋಡುವ" ಎಂದೇ ಅನ್ನುವುದು.

"ಬಿಡೇ," ವನಮಾಲಾ ಸಮಾಧಾನ ಹೇಳಿದಳು. "ನೀನು ಆರಿಸಿದ್ದು ಬ್ಲ್ಯಾಕ್ ಅಂಡ್ ವೈಟ್ ಮಾನಿಟರ್. ಕಲರ್ ಮುಂದೆ ಅದನ್ನ ಯಾರು ಮೂಸ್ತಾರೆ?"

"ಕಲರ್ ಬಿಟ್ಟು ಉಳಿದ ದುಡ್ಡಲ್ಲಿ ಒಂದು ಕಬ್ಬಿಣದ ಡಬ್ಬಿ ಆರಿಸಿದ್ದೇನೆ, ಅದನ್ನು ಕೇಳು. ಲೋಕಲ್ ಟ್ರೈನ್ ಬಂತು, ಹತ್ತು ಹತ್ತು. ಅಡುಗೆಯ ದೂಜಣ್ಣ ಗ್ರೈಂಡರ್ ಹಾಕುವ ಮೊದಲು ಮುಟ್ಟಬೇಕು."

ಹೋಟೆಲಿನಲ್ಲಿ ಜಾತ್ರೆಯೇ ನೆರೆದಿತ್ತು. ಟೈ ಕಟ್ಟಿದ ಕಂಪನಿಯವನು ಬಿಲ್ಲು ಟೈಪು ಮಾಡಿದಂತೆಲ್ಲ ಪರದೆಯ ಮೇಲೆ ಮಸಾಲೆದೋಸೆ ಹಳದಿಯಾಗಿ, ಕಾಫಿ ಕೆಂಪಾಗಿ ಮೂಡುತ್ತಿತ್ತು. ರಮಾನಾಥನ ಮುಖ ಹೊಸ ಮದುಮಗನದು.

"ನೋಡು ಮಗಾ! ಕಂಪನಿಯದ್ದು. ಗ್ಯಾರಂಟಿ ಉಂಟು."

"ಚಂದ ಉಂಟಪ್ಪ. ಇನ್ನೊಂದು ಚೂರು ಹೊತ್ತು ನೋಡುವ," ಎಂದು ವಿನೋದಿನಿ ಕೈಕಟ್ಟಿ ನಿಂತಳು. ಅವಳ ಕಣ್ಣಿದ್ದದ್ದು ಮೇಲಿನ ಟ್ಯೂಬ್‌ಲೈಟಿನ ಮೇಲೆ. ಗಲ್ಲಾದ ಪಕ್ಕ ಹೋಮ್‌ವರ್ಕ್ ಮಾಡುತ್ತ ಬೆಳೆದ ಹುಡುಗಿ ಅವಳು. ಮಧ್ಯಾಹ್ನ ಆ ಲೈಟು ಕಣ್ಣು ಹೊಡೆಯಿತೆಂದರೆ ಒಳಗೆ ಹಿಟ್ಟು ರುಬ್ಬಲು ಶುರು ಎಂದು ಅರ್ಥ.

ಲೈಟು ಕಣ್ಣು ಹೊಡೆಯಿತು. ಒಳಗೆ ಗ್ರೈಂಡರ್ ಗುಡುಗಿತು. ಪರದೆ ಕಪ್ಪಾಯಿತು. ಹಳದಿ ದೋಸೆ, ಕೆಂಪು ಕಾಫಿ, ಬಿಲ್ಲು, ಎಲ್ಲ ಮಾಯ.

ಕಂಪನಿಯವನು ಕಂಪ್ಯೂಟರನ್ನು ಮತ್ತೆ ಎಬ್ಬಿಸಿದ. ಗ್ರೈಂಡರನ್ನು ಒಮ್ಮೆ ನಿಲ್ಲಿಸಿ ಉದ್ದು ಸುರಿದು ದೂಜ ಪುನಃ ಹಾಕಿದ. ಮತ್ತೆ ಕಪ್ಪು.

"ಸೇಠ್, ಯೇ ಗ್ರೈಂಡರ್ ಸುಬಹ್ ಚಲಾವೋ ನಾ," ಎಂದ ಕಂಪನಿಯವನು ಬೆವರೊರೆಸುತ್ತ.

ದೂಜ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. "ಬೆಳಿಗ್ಗೆಯಾ? ಹಿಟ್ಟು ಹುಳಿ ಬರುವುದು ಯಾವಾಗ? ಧಣಿ, ಇವರು ಇಡ್ಲಿಯನ್ನೂ ಕಂಪ್ಯೂಟರಲ್ಲೇ ಬೇಯಿಸ್ತಾರಾ ಕೇಳಿ."

ಹೋಟೆಲಿಗೆ ಹೋಟೆಲೇ ನಕ್ಕಿತು. ರಮಾನಾಥ ಮಾತ್ರ ನಗಲಿಲ್ಲ.

"ನಿನ್ನದಾದರೆ ನಿಲ್ಲುವುದಿಲ್ಲವಾ?" ಎಂದು ಮಗಳನ್ನು ಕೇಳಿದ.

"ಇಲ್ಲ. ಈಗಲೇ ತೋರಿಸ್ತೇನೆ, ಇವರ ಕಂಪ್ಯೂಟರಲ್ಲೇ."

ಓಡಿದವಳು ಲ್ಯಾಮಿಂಗ್ಟನ್ ರೋಡಿನಲ್ಲಿ ಡಬ್ಬಿ ಮಾರುವ ಅಂಗಡಿಯ ಶೇಖರನನ್ನೇ ಎಳೆದುಕೊಂಡು ಬಂದಳು. ಅವನ ಹೆಗಲ ಮೇಲೆ ಆ ಕಬ್ಬಿಣದ ಡಬ್ಬಿ: ಕರೆಂಟು ಏರಲಿ ಇಳಿಯಲಿ, ಕಂಪ್ಯೂಟರಿಗೆ ಒಂದೇ ಸಮ ಉಣಿಸುವ ಸಿವಿಟಿ. ವಿನೋದಿನಿ ಅದನ್ನು ನಡುವೆ ಜೋಡಿಸಿ ಒಳಗೆ ಕೂಗಿದಳು.

"ದೂಜಣ್ಣ, ಹಾಕಿ!"

ಲೈಟು ಕಣ್ಣು ಹೊಡೆಯಿತು. ಗ್ರೈಂಡರ್ ಗುಡುಗಿತು. ದೋಸೆ ಹಳದಿಯಾಗಿಯೇ ಕೂತಿತ್ತು.

ಕಂಪನಿಯವನು ಚುರುಕಾದ. ಡಬ್ಬಿಯನ್ನು ತಾನೇ ಕೊಡಿಸುತ್ತೇನೆ, ಕಂಪ್ಯೂಟರ್ ಇದನ್ನೇ ಇಟ್ಟುಕೊಳ್ಳಿ ಎಂದ. ವನಮಾಲಾ ಗೆಳತಿಯ ಕೈ ಹಿಂಡಿದಳು. ಕೆಲಸ ಕೆಟ್ಟಿತು!

ರಮಾನಾಥ ಕಂಪ್ಯೂಟರಿನ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದ. "ಇದರೊಳಗೆ ಏನೇನುಂಟು? ಖೋಲ್‌ಕೇ ದಿಖಾವೋ."

"ನಹೀ ಸೇಠ್, ಸೀಲ್ ಹೈ. ಖೋಲಾ ತೋ ಗ್ಯಾರಂಟಿ ಖತಮ್." ತೆರೆದರೆ ಗ್ಯಾರಂಟಿ ಮುಗಿಯಿತಂತೆ.

ರಮಾನಾಥ ತಲೆಯೆತ್ತಿ ಗೋಡೆಯ ಹಲಗೆ ನೋಡಿದ. ಅವನಪ್ಪ ಬರೆಸಿದ್ದು: ಗಿರಾಕಿಗಳು ಯಾವಾಗ ಬೇಕಾದರೂ ಅಡುಗೆಮನೆಗೆ ಬಂದು ನೋಡಬಹುದು.

"ಅಡುಗೆಮನೆ ತೋರಿಸದ ಕಡೆ ನಾನು ಉಣ್ಣುವವನಲ್ಲ," ಎಂದ ಮಗಳಿಗೆ. "ನಿನ್ನದು ತೆರೆದು ತೋರಿಸ್ತೀಯಾ?"

"ಒಂದೊಂದು ತುಂಡೂ ನಿಮ್ಮೆದುರಿಗೇ ಜೋಡಿಸ್ತೇನೆ."

"ಮದುವೆಯಾಗಿ ಹೋದ ಮೇಲೆ ಕೆಟ್ಟರೆ?"

"ಲೋಕಲ್ ಹಿಡಿದು ಬರ್ತೇನಪ್ಪ. ಲೋಕಲ್ ಇಲ್ಲದ ಊರಿನ ಗಂಡು ನಂಗೆ ಬೇಡ."

ಶೇಖರ ಕೆಮ್ಮಿ ನಗು ನುಂಗಿದ. ರಮಾನಾಥ ಕಂಪನಿಯವನಿಗೆ ಒಂದು ಸ್ಪೆಷಲ್ ಕಾಫಿ ಹೇಳಿ, ಕೈಮುಗಿದು, ಕಂಪ್ಯೂಟರ್ ಕಟ್ಟಿಕೊಳ್ಳಲು ಸನ್ನೆ ಮಾಡಿದ. ಹಳದಿ ದೋಸೆ ಆರಿಹೋದ ಪರದೆಯನ್ನು ಆಸೆಯಿಂದ ಒಮ್ಮೆ ನೋಡಿದ.

"ಕಲರ್ ಒಂದು ಇದ್ದಿದ್ದರೆ..."

"ಅಪ್ಪ, ಕಲರಾ? ಡಬ್ಬಿಯಾ?"

"ಡಬ್ಬಿಯೇ ಮಾರಾಯ್ತಿ, ಡಬ್ಬಿಯೇ," ಎಂದು ಅವನು ಗಲ್ಲಾದ ಮುಂದೆ ಕೂತ. "ನಾಳೆ ಅಂಗಡಿ ತೆರೆಯುವ ಹೊತ್ತಿಗೆ ಲ್ಯಾಮಿಂಗ್ಟನ್ ರೋಡಿನ ಮೂಲೆಯಲ್ಲಿ ನಿಂತಿರು. ನಾನೂ ಬರ್ತೇನೆ. ನೀನು ಆರಿಸು, ನಾನು ಹೊರ್ತೇನೆ."