ಮುರ್ತುಜಸಾಬರ ಮನೆಯ ಹವಳ

ಹುಸೇನಪೀರ ಮಂಗಳೂರಿನಿಂದ ಸಮುದ್ರ ತಂದಿದ್ದಾನೆ ಎಂದು ಓಣಿಯವರೆಲ್ಲ ನೋಡಲು ಬಂದರು. ಇಳಕಲ್ಲಿನ ಕೆಂಪು ಕಲ್ಲನ್ನು ಲಾರಿಯಲ್ಲಿ ಹೇರಿಕೊಂಡು ಬಂದರಿಗೆ ಮುಟ್ಟಿಸುವುದು ಅವನ ಕೆಲಸ. ಬರುವಾಗ ಲಾರಿ ಖಾಲಿ ಇರುತ್ತಿತ್ತು. ಆ ಸಲ ಮಾತ್ರ ಉಪ್ಪುನೀರು ತುಂಬಿದ ಕ್ಯಾನುಗಳು, ಹುಲ್ಲಿನಲ್ಲಿ ಸುತ್ತಿದ ಒಂದು ಗಾಜಿನ ತೊಟ್ಟಿ, ಬಕೀಟಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಇಳಿದವು.

"ಕಲ್ಲು ಕೊಟ್ಟು ನೀರು ತಂದಾನ ನೋಡ್ರಿ ನಮ್ಮ ಶಾಣ್ಯಾ," ಎಂದು ಅವನ ಅಣ್ಣ ಮುರ್ತುಜಸಾಬರು ನಕ್ಕರು.

"ಇದು ಕಲ್ಲಲ್ಲಣ್ಣ, ಹವಳ. ಜೀವ ಐತಿ ಇದಕ್ಕ. ಬಂದರದಾಗಿನ ಸಾಹೇಬ್ರಿಗೆ ವರ್ಗಾ ಆತು, ಒಯ್ಯಾಕ ಆಗಂಗಿಲ್ಲಂತ ನನಗ ಕೊಟ್ರು."

ಮುರ್ತುಜಸಾಬರು ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಬಣ್ಣ ಕುದಿಸುವ ಭಟ್ಟಿ ಹಿತ್ತಲಲ್ಲೇ ಇತ್ತು. ನಾನು ಅವರ ಮನೆಯಲ್ಲಿ ಬಣ್ಣದ ನೂಲಿನ ಲಡಿಗಳನ್ನು ರಾಟಿಯಿಂದ ಕಂಡಿಕೆಯ ಸಣ್ಣ ಕೊಳವೆಗೆ ಸುತ್ತುತ್ತಿದ್ದೆ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಮಾತು ನನಗೆ ಒಗ್ಗುತ್ತಿರಲಿಲ್ಲ. ಹೊರಗಿನವರು ಹೆಸರು ಕೇಳಿದರೆ ಸೆರಗಿನೊಳಗೆ ಹೇಳುತ್ತಿದ್ದೆ. ಸಾಬರ ಹೆಂಡತಿ ಮಕ್ತುಮಬಿ ಚಾಚಿ, "ರಾಟಿ ಆದ್ರೂ ಕಿರ್ ಅಂತೈತಿ, ನಮ್ಮ ಸಾವಂತ್ರಿ ಅಷ್ಟೂ ಅನ್ನಂಗಿಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಸುತ್ತುವಾಗ ಕೈಗೆ ಕೆಲಸ, ಕಣ್ಣಿಗೆ ಬಿಡುವು. ಸುತ್ತಮುತ್ತಲಿನದನ್ನೆಲ್ಲ ನೋಡುತ್ತ ಕೂಡುತ್ತಿದ್ದೆ.

ತೊಟ್ಟಿಯನ್ನು ಪಡಸಾಲೆಯಲ್ಲಿ ಇಟ್ಟು ನೀರು ತುಂಬಿ ಕಲ್ಲನ್ನು ಒಳಗಿಟ್ಟರು. ಮೊದಲ ದಿನ ಅದು ಬರೀ ಮೊಡವೆ ಎದ್ದ ಕಲ್ಲು. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೊಡವೆಗಳೆಲ್ಲ ಹೂಗಳಂತೆ ಅರಳಿದ್ದವು. ಒಂದೊಂದೂ ನಾಲ್ಕಾಣೆ ನಾಣ್ಯದಷ್ಟು ಅಗಲ. ಅಂಚಿಗೆ ಗಿಣಿಹಸಿರು, ನಡುವೆ ದಾಳಿಂಬೆ ಕೆಂಪು. ಸುತ್ತಲೂ ಸಣ್ಣ ಕೂದಲಿನಂಥ ಎಳೆಗಳು ನೀರಿನಲ್ಲಿ ಅಲ್ಲಾಡುತ್ತಿದ್ದವು. ನಮ್ಮ ಓಣಿಗೆ ಆಗಿನ್ನೂ ಟಿ.ವಿ. ಬಂದಿರಲಿಲ್ಲ. ಜನ ಸಂಜೆ ಚಾಪೆ ಹಾಸಿಕೊಂಡು ತೊಟ್ಟಿಯ ಮುಂದೆ ಕೂತರು.

ಗುಳ್ಳೆ ಬಿಡುವ ಸಣ್ಣ ಯಂತ್ರವೊಂದು ಕರೆಂಟಿನ ಮೇಲೆ ಗುರುಗುಡುತ್ತಿತ್ತು. ಕರೆಂಟು ಹೋದಾಗ ಚಾಚಿ ಚೆಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹೊಯ್ಯುತ್ತಿದ್ದಳು. "ಸಮುದ್ರಕ್ಕ ಚಾ ಆರಿಸಿ ಕೊಡಾಕ ಹತ್ತೇನಿ," ಎನ್ನುವಳು. ನೀರು ಆರಿ ಕಡಿಮೆಯಾದರೆ ಸಿಹಿ ನೀರನ್ನೇ ಹಾಕಬೇಕು, ಉಪ್ಪು ಹಾಕಬಾರದು, ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಒಳಗೇ ಇರುತ್ತದೆ ಎಂದು ಹೇಳಿ ಹುಸೇನಪೀರ ಮತ್ತೆ ಲಾರಿ ಹತ್ತಿದ. ಸಾಹೇಬರು ಅವನಿಗೆ ಹೇಳಿದ್ದು ಅಷ್ಟೇ, ಅಥವಾ ಅವನ ನೆನಪಿನಲ್ಲಿ ಉಳಿದದ್ದು ಅಷ್ಟೇ.

ಎದುರುಮನೆಯ ನೇಕಾರ ದುರ್ಗಪ್ಪ ದಿನಾ ಬರುವ ಗಿರಾಕಿ. ಅವರೂ ಸಾಬರೂ ಗೋಲಿ ಆಡಿದ ಕಾಲದ ಗೆಳೆಯರು. ಹೋದ ವರ್ಷ ಸಾಬರು ಹಾಕಿಕೊಟ್ಟ ಕೆಂಪು, ದುರ್ಗಪ್ಪನ ಹೆಂಡತಿಯ ಸೀರೆಯ ಮೊದಲ ಒಗೆತದಲ್ಲೇ ಸೆರಗಿನಿಂದ ಬಿಟ್ಟು ಒಡಲಿಗೆಲ್ಲ ಹರಡಿತ್ತು. ಈಗ ದುರ್ಗಪ್ಪನ ಮಗಳ ಮದುವೆ ತುಳಸಿ ಲಗ್ನದ ನಂತರ ಗೊತ್ತಾಗಿತ್ತು. ಮದುವೆ ಸೀರೆಯ ನೂಲನ್ನು ಪರ ಊರಿಗೆ ಬಣ್ಣಕ್ಕೆ ಕಳಿಸುತ್ತಾರಂತೆ ಎಂಬ ಸುದ್ದಿ ಸಾಬರ ಕಿವಿಗೂ ಬಿದ್ದಿತ್ತು. ಊಟ ಮಾಡುವಾಗಲೂ ಅವರು ಅದನ್ನೇ ಚಾಚಿಯ ಮುಂದೆ ಹೇಳಿಕೊಳ್ಳುತ್ತಿದ್ದರು: "ನನ್ನ ಕೈಯಾಗ ಆಡಿದ ಕೂಸು ಅದು. ಅದರ ಸೀರಿಗೆ ಮಂದಿ ಬಣ್ಣ ಹಾಕ್ತಾರಂದ್ರ ನಾ ಭಟ್ಟಿ ಯಾಕ ಹಚ್ಚಲಿ?"

ಒಂದು ದಿನ ದುರ್ಗಪ್ಪ ತೊಟ್ಟಿಯ ಮುಂದೆ ಕೂತು, "ಚಂದ ಐತಿ. ಆದ್ರ ಈ ಬಣ್ಣ ನಿಲ್ಲಂಗಿಲ್ಲ ಬಿಡೋ," ಎಂದರು.

"ನನ್ನ ಮನಿಗೆ ಬಂದ ಬಣ್ಣ ಎಲ್ಲಿ ಹೋಗತೈತಿ?"

"ನಮ್ಮಾಕಿ ಸೀರ್ಯಾಗ ಹೋಗಿತ್ತಲ್ಲ, ಹಂಗ."

ಕೂತವರೆಲ್ಲ ನಕ್ಕರು. ಸಾಬರ ಮುಖ ಹವಳದ ನಡುವಿನಷ್ಟೇ ಕೆಂಪಾಯಿತು. "ಸೀಗಿ ಹುಣ್ಣಿಮಿಗೆ ಬಾ. ಒಂದು ಹೂವಿನ ಬಣ್ಣ ಹೋಗಿದ್ರೂ ನೂಲು ಎಲ್ಲಿಗೆ ಬೇಕಾದ್ರೂ ಕಳಸು. ಹೋಗಿರಲಿಲ್ಲಂದ್ರ ನನ್ನ ಭಟ್ಟಿಗೆ ತರಬೇಕು."

"ಆತು ತಗೋ," ಎಂದರು ದುರ್ಗಪ್ಪ.

ಅಂದೇ ಸಾಬರು ತೊಟ್ಟಿಯನ್ನು ಒಳಕೋಣೆಗೆ ಸಾಗಿಸಿದರು. ಅದು ಬಣ್ಣ ಹಾಕಿದ ಲಡಿಗಳನ್ನು ಒಣಗಿಸುವ ಕತ್ತಲೆ ಕೋಣೆ. ಬಣ್ಣವನ್ನು ಬಿಸಿಲು ತಿನ್ನುತ್ತದೆ ಎನ್ನುವುದು ಅಲ್ಲಿ ನೆಲ ಸಾರಿಸುವವರಿಗೂ ಗೊತ್ತು. ಅದಕ್ಕೇ ಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಅಷ್ಟೂ ಸಾಲದೆಂದು ಸಾಬರು ತೊಟ್ಟಿಯ ಮೇಲೆ ಗೋಣಿಚೀಲ ಹೊದಿಸಿದರು. ನನ್ನ ರಾಟಿಯೂ ಅದೇ ಕೋಣೆಯಲ್ಲಿತ್ತು.

ಸ್ವಲ್ಪ ದಿನಕ್ಕೇ ಹಸಿರು ಮಂಕಾಯಿತು. ಸಾಬರು ಇನ್ನೊಂದು ಚೀಲ ಹೊದಿಸಿದರು. ಕೆಂಪು ಹೋಗಿ ಇಟ್ಟಿಗೆಯ ಪುಡಿಯಂತಾಯಿತು. ಮೂರನೆಯ ಚೀಲ ಬಂತು. ಅಷ್ಟರಲ್ಲಿ ಹುಸೇನಪೀರ ಬಂದ, ಬೈಸಿಕೊಂಡ, ಹೊಸ ಸಮುದ್ರದ ನೀರು ತಂದ. ಏನೂ ಉಪಯೋಗವಾಗಲಿಲ್ಲ. ಹೂಗಳು ಮುದುಡಿ, ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗಾದವು.

"ನಾಕನೇ ಚೀಲ ತರಲೇನು?" ಎಂದು ಚಾಚಿ ಕೇಳಿದಳು.

"ಸುಮ್ಮನಿರು ನೀ," ಎಂದರು ಸಾಬರು. ಆ ದಿನ ಅವರು ಊಟಕ್ಕೆ ಸರಿಯಾಗಿ ಕೂಡಲಿಲ್ಲ.

ಆದರೆ ಎಲ್ಲ ಹೂವೂ ಬೆಳ್ಳಗಾಗಿರಲಿಲ್ಲ. ನೀರು ಹೊಯ್ಯಲು ಚಾಚಿ ಚೀಲ ಎತ್ತಿದಾಗಲೆಲ್ಲ ನಾನು ನೋಡುತ್ತಿದ್ದೆ. ಒಂದು ಮೂಲೆಯಲ್ಲಿ ಇಲಿ ಕಡಿದು ಮೂರೂ ಚೀಲ ತೂತಾಗಿದ್ದವು. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಆ ತೂತಿನಲ್ಲಿ ಇಣುಕುತ್ತಿತ್ತು. ಅದರ ಕೆಳಗಿನ ಮೂರು ಹೂಗಳು ಹಸಿರಾಗಿಯೇ ಇದ್ದವು. ಅವು ಅರಳಿದ್ದವು, ಬೆಳಕಿನ ಕಡೆ ಕತ್ತು ಚಾಚಿದ್ದವು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಸಾಬರಿಗೆ ಬಣ್ಣದ ಮಾತು ಹೇಳುವಷ್ಟು ದೊಡ್ಡವಳೇ ನಾನು ಎನ್ನಿಸಿ ಮತ್ತೆ ರಾಟಿ ತಿರುವುತ್ತಿದ್ದೆ.

ಹುಣ್ಣಿಮೆಗೆ ಇನ್ನೇನು ಎರಡು ದಿನವಿತ್ತು. ಸಾಬರು ಒಂದು ಬಟ್ಟಲು ಹಿಡಿದು ಒಳಗೆ ಬಂದರು. ಬಟ್ಟಲಿನಲ್ಲಿ ಭಟ್ಟಿಯ ಹಸಿರು ಬಣ್ಣ. ಅವರು ಯಾರ ಮುಖವನ್ನೂ ನೋಡದೆ ಚೀಲ ತೆಗೆದು, ಬಟ್ಟಲನ್ನು ತೊಟ್ಟಿಯ ಮೇಲೆ ಬಗ್ಗಿಸತೊಡಗಿದರು.

"ಕಾಕಾ, ಬ್ಯಾಡ್ರಿ! ಸಾಯ್ತಾವ್ರಿ ಅವು!"

ಯಾರು ಕೂಗಿದ್ದೆಂದು ನಾನೇ ತಿರುಗಿ ನೋಡಬೇಕೆನಿಸಿತು. ಸಾಬರು ಬಟ್ಟಲು ಹಿಡಿದು ಹಾಗೇ ನಿಂತರು. ಅಡುಗೆಮನೆಯಿಂದ ಚಾಚಿ ಓಡಿ ಬಂದಳು. "ಯಾರು, ಸಾವಂತ್ರಿನಾ ಮಾತಾಡಿದ್ದು?"

ನಾನು ತೂತಿನ ಮೂಲೆಗೆ ಬೆರಳು ತೋರಿಸಿದೆ. "ಬಿಸಿಲು ಬಿದ್ದಲ್ಲೆ ಬಣ್ಣ ಐತ್ರಿ. ಇವು ನೂಲಲ್ಲರಿ, ಬೆಳಿ ಇದ್ದಂಗ. ಬಿಸಿಲು ಉಣ್ತಾವ."

"ಬಿಸಿಲು ಬಣ್ಣಾನ ತಿಂತೈತಿ, ಮಗಳ. ಬಣ್ಣ ಬಿಸಿಲು ತಿನ್ನಂಗಿಲ್ಲ," ಎಂದರು ಸಾಬರು. ಆದರೂ ಬಟ್ಟಲನ್ನು ಕೆಳಗಿಟ್ಟು ಬಗ್ಗಿ ನೋಡಿದರು. ಆ ಮೂರು ಹೂಗಳನ್ನೂ, ಮಾಳಿಗೆಯ ಕಿಂಡಿಯನ್ನೂ, ಮತ್ತೆ ಹೂಗಳನ್ನೂ. ಆಮೇಲೆ ಮೂರೂ ಚೀಲಗಳನ್ನು ಎಳೆದು ಮೂಲೆಗೆ ಒಗೆದರು. "ನಡೀರಿ, ಅಂಗಳಕ್ಕ ಒಯ್ಯೂಣು."

"ಅಲ್ಲೇ ನಿಲ್ರಿ," ಎಂದಳು ಚಾಚಿ. "ಬಾಣಂತೀನ ಕತ್ತಲ ಕ್ವಾಣ್ಯಾಗಿಂದ ಎಬ್ಬಿಸಿ ಸೀದಾ ಬಿಸಿಲಿಗೆ ಒಗಿತಾರೇನು? ಮೊದ್ಲ ಹೊಸ್ತಲಾ ದಾಟಸ್ರಿ. ಆಮ್ಯಾಲೆ ಪಡಸಾಲಿ. ಅಂಗಳ ಬ್ಯಾಡ, ನೀರು ಕುದ್ದೀತು."

ಹಾಗೇ ಮಾಡಿದೆವು. ಮೊದಲು ಕೋಣೆಯ ಬಾಗಿಲಲ್ಲಿ, ಆಮೇಲೆ ಪಡಸಾಲೆಯ ಒಳಗೋಡೆಗೆ. ಆದರೆ ಹುಣ್ಣಿಮೆ ಬಾಣಂತಿಗಾಗಿ ಕಾಯಲಿಲ್ಲ. ದುರ್ಗಪ್ಪ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ, ನಮಗೂ ಒಂದಷ್ಟು ಕಡಬು ಕಟ್ಟಿಸಿಕೊಂಡು ಸಂಜೆ ಬಂದರು. ಬೆಳ್ಳನೆಯ ಹವಳವನ್ನು ನೋಡಿ ಅವರ ನಗೆಯೂ ನಿಂತಿತು.

"ಸೋತೆ ದೋಸ್ತ," ಎಂದರು ಸಾಬರು. "ನೂಲಿನಂಗ ಕತ್ತಲ್ಯಾಗ ಮುಚ್ಚಿಟ್ಟೆ. ಇದಕ್ಕ ಬಿಸಿಲು ಬೇಕಾಗಿತ್ತು. ನಿನ್ನ ನೂಲು ಎಲ್ಲಿಗೆ ಬೇಕೋ ಅಲ್ಲಿಗೆ ಕಳಸು."

"ಮನಿತುಂಬ ಬಣ್ಣ ಇಟಗೊಂಡು ಬಿಳೇದನ್ನ ತೋರಸ್ತಿಯಲ್ಲೋ. ಒಂದು ಬಟ್ಟಲ ಹಾಕಿದ್ರ ನನಗೇನ್ ತಿಳೀತಿತ್ತು?"

"ಹಾಕಾಕ ಹೊಂಟಿದ್ರು," ಎಂದಳು ಚಾಚಿ, ಕಡಬಿನ ಗಂಟು ಬಿಚ್ಚುತ್ತ. "ಈ ಮೂಕಿ ಕೂಗಿ ನಿಲ್ಲಿಸಿದ್ಲು."

ಸಾಬರು ತಲೆ ಎತ್ತಲಿಲ್ಲ. ದುರ್ಗಪ್ಪ ಗಡ್ಡ ಕೆರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೇಳವ್ವ. ಇವು ಮತ್ತ ಬಣ್ಣಕ್ಕ ಬರ್ತಾವೇನು?" ಎಂದರು.

ನನ್ನ ಕೈ ಸೆರಗಿಗೆ ಹೋಯಿತು. ಆದರೂ ಹೇಳಿದೆ: "ಬರ್ತಾವ್ರಿ. ಮೊನ್ನಿ ಮೂರು ಇದ್ವು. ಇವತ್ತ ಬಾಜೂಕಿನ ಎರಡರ ಅಂಚಿಗೆ ಹಸಿರು ಹತ್ತೇತ್ರಿ. ಅವಸರ ಮಾಡಬಾರದ್ರಿ."

ದುರ್ಗಪ್ಪ ಕುಕ್ಕರಗಾಲಿನಲ್ಲಿ ಕೂತು ಗಾಜಿಗೆ ಮೂಗು ಹಚ್ಚಿ ನೋಡಿದರು. "ಹೌದಲ್ಲೋ. ಹೋದ ವರ್ಷ ನಾನೂ ಅವಸರ ಮಾಡಿದ್ದೆ. ಬಣ್ಣ ಕುದಿಯಾಕ ಬಿಡಲಿಲ್ಲ, ಹಬ್ಬಕ್ಕ ಸೀರಿ ಬೇಕಂತ ಹಸಿ ಲಡೀನ ಕಸಗೊಂಡು ಹೋದೆ." ಎದ್ದು ಧೋತರ ಜಾಡಿಸಿದರು. "ದೀಪಾವಳಿ ಮಟ ನೋಡೂಣು."

ಅಂದಿನಿಂದ ಅವರು ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮೊದಲು ಒಮ್ಮೆ, ಸಂಜೆ ಮಗ್ಗದಿಂದ ಎದ್ದ ಮೇಲೆ ಒಮ್ಮೆ ಬಂದು ಹೂ ಎಣಿಸತೊಡಗಿದರು. ಪ್ರತಿ ಸಲವೂ ಲೆಕ್ಕ ತಪ್ಪುತ್ತಿತ್ತು. ಪ್ರತಿ ಸಲವೂ ಹೆಚ್ಚೇ ಎಣಿಸುತ್ತಿದ್ದರು. "ಏಳು ಅದಾವ," ಎನ್ನುವರು. ನಾನು "ಐದ್ರಿ," ಎನ್ನುವೆ. "ನಿನಗ ಕಣ್ಣ ಕಾಣಂಗಿಲ್ಲ, ಏಳು," ಎನ್ನುವರು. ಆ ಜಗಳದಲ್ಲಿ ನನ್ನ ದನಿ ಎಷ್ಟು ಏರುತ್ತಿತ್ತೆಂದರೆ, "ಮೊದಲಿನ ಸಾವಂತ್ರೀನ ತಂದು ಕೊಡ್ರಿ, ನನ್ನ ತಲಿ ನೋಯಾಕ ಹತ್ತೈತಿ," ಎಂದು ಚಾಚಿ ಒಳಗಿನಿಂದ ಕೂಗುತ್ತಿದ್ದಳು.

ಹವಳ ನಿಧಾನವಾಗಿ ಬಣ್ಣಕ್ಕೆ ಬಂತು. ಮೊದಲು ಬೆಲ್ಲದ ನೀರಿನಂಥ ಕಂದು, ಅದರ ಮೇಲೆ ಹಸಿರು, ಕಡೆಗೆ ನಡುವಿನ ಕೆಂಪು.

ದೀಪಾವಳಿಗೆ ಮುನ್ನಾದಿನ ದುರ್ಗಪ್ಪ ಕೈಯಲ್ಲಿ ಬಿಳಿ ರೇಷ್ಮೆ ನೂಲಿನ ಗಂಟು ಹಿಡಿದು ಬಂದರು. ಅದನ್ನು ಸಾಬರ ಮಡಿಲಿಗೆ ಹಾಕಿ ಗೋಡೆಗೊರಗಿ ಕೂತರು.

ಸಾಬರು ಗಂಟನ್ನು ಮುಟ್ಟಿ ನೋಡಿದರು, ಆದರೆ ಬಿಚ್ಚಲಿಲ್ಲ. "ಮಾತು ಅಂದ್ರ ಮಾತು. ಇನ್ನೂ ಎರಡು ಬೆಳ್ಳಗ ಅದಾವಲ್ಲೋ," ಎಂದರು.

"ಅವೆರಡು ಮೊಮ್ಮಗನ ತೊಟ್ಟಿಲದ ಹೊತ್ತಿಗೆ ಬಣ್ಣಕ್ಕ ಬರ್ತಾವ. ನೀ ಭಟ್ಟಿ ಹಚ್ಚು."