ಐವತ್ತನಾಲ್ಕು ಫಾರಂ

ಸೀಲಿನಲ್ಲಿದ್ದ ತಾರೀಕು ನೋಡಿ ಮಧುಮತಿಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು.

ಏಳನೇ ನಂಬರಿನ ಫೈಲು. ಮೆಕ್ಯಾನಿಕಲ್ ವಿಭಾಗ, ಐದನೇ ಸೆಮಿಸ್ಟರ್, ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ. ಒಳಗೆ ಐವತ್ತನಾಲ್ಕು ಫಾರಂ, ಪ್ರತಿಯೊಂದರ ನೆತ್ತಿಯ ಮೇಲೂ ಆಫೀಸಿನ ನೇರಳೆ ಸೀಲು, ಪ್ರತಿ ಸೀಲಿನಲ್ಲೂ ಹೋದ ತಿಂಗಳ ಎರಡನೇ ಬುಧವಾರದ ತಾರೀಕು. ಆ ಬುಧವಾರ ನೀರಿನ ಜಗಳಕ್ಕೆ ಬಂದ್ ಇತ್ತು. ಕತ್ರಿಗುಪ್ಪೆಯಲ್ಲಿ ಟೈರು ಉರಿದಿತ್ತು. ಕಾಲೇಜಿನ ಗೇಟಿಗೆ ಬೀಗ ಬಿದ್ದಿತ್ತು. ಅಂಥ ದಿನ ಐವತ್ತನಾಲ್ಕು ಹುಡುಗರು ಬಂದು ಕೂತು ‘ಅತ್ಯುತ್ತಮ’ ಎಂದು ಟಿಕ್ ಹಾಕಿ ಹೋಗಿದ್ದರು.

ಹಾಕಿದ್ದು ಹುಡುಗರಲ್ಲ, ಗುಮಾಸ್ತ ಸೀನು. ಅದು ಮಧುಮತಿಗೂ ಗೊತ್ತಿತ್ತು. ಅವನು ದಡ್ಡನೇನಲ್ಲ. ಮೂರು ಬಣ್ಣದ ಪೆನ್ನು ಬಳಸಿದ್ದ, ಅಲ್ಲಲ್ಲಿ ಐದಕ್ಕೆ ನಾಲ್ಕು ಕೊಟ್ಟಿದ್ದ, ಎರಡು ಫಾರಂಗೆ ಕಾಫಿ ಕಲೆ ಕೂಡ ಮಾಡಿದ್ದ. ತಾರೀಕೊಂದು ಕೈಕೊಟ್ಟಿತ್ತು. ಆಗ ಗಂಟೆ ಒಂಬತ್ತು ಐದು. ಕಾಲೇಜಿಗೆ ಮಾನ್ಯತೆ ಕೊಡಲು ಬಂದಿದ್ದ ಅಕ್ರೆಡಿಟೇಶನ್ ಕಮಿಟಿ ಹತ್ತೂವರೆಗೆ ಫೈಲು ತೆರೆಯುವುದಿತ್ತು.

ಅವಳು ಸುಮ್ಮನಿರಬಹುದಿತ್ತು. ಸೀನು ಅವಳ ಪಾಠಕ್ಕೆ ಐದಕ್ಕೆ ನಾಲ್ಕೂವರೆ ಕೊಟ್ಟಿದ್ದ. ಫೈಲು ಎದೆಗೊತ್ತಿಕೊಂಡು ಸೀದಾ ವಿಭಾಗದ ಮುಖ್ಯಸ್ಥೆಯ ಕೋಣೆಗೆ ನಡೆದಳು.

ಸೀತಾಲಕ್ಷ್ಮಿ ಮೇಡಂ ಕಂಚಿ ಸೀರೆ ಉಟ್ಟು, ಬಾಡಿಗೆಗೆ ತಂದ ಕ್ರೋಟನ್ ಕುಂಡಗಳ ನಡುವೆ ಕೂತಿದ್ದರು. ಗೋಡೆಗೆ ಹೊಸ ಬಣ್ಣ ಬಳಿದು ಎರಡು ದಿನವಾಗಿತ್ತು. ವಾಸನೆ ಇನ್ನೂ ಹೋಗಿರಲಿಲ್ಲ.

"ಮೇಡಂ, ಈ ತಾರೀಕು ನೋಡ್ರಿ."

"ಏನಾಯ್ತು ತಾರೀಕಿಗೆ?"

"ಆವತ್ತು ಬಂದ್ ಇತ್ತು."

ಮೇಡಂ ಗೋಡೆಯ ಕ್ಯಾಲೆಂಡರ್ ನೋಡಿದರು. "ರಾಮ ರಾಮ," ಎಂದರು. ಮರುಗಳಿಗೆಯಲ್ಲೇ ಧೈರ್ಯ ತಂದುಕೊಂಡು, "ಇರ್ಲಿ ಬಿಡಿ. ಅವರೇನು ಈ ಊರಿನವರಾ? ಅವರಿಗೆಲ್ಲಿ ಗೊತ್ತಾಗತ್ತೆ?"

"ಕಮಿಟಿ ಛೇರ್ಮನ್ ಕೊಯಮತ್ತೂರಿನವರು ಮೇಡಂ. ಆವತ್ತು ಅವರ ಬಸ್ಸು ಅತ್ತಿಬೆಲೆ ಗಡಿ ದಾಟಲಿಲ್ಲ, ಎಂಟು ತಾಸು ಅಲ್ಲೇ ಕೂತಿದ್ದೆ ಅಂತ ನಿನ್ನೆ ಊಟದಾಗ ಅವರೇ ಹೇಳಿದ್ರಲ್ಲ. ನೀವೂ ನಕ್ರಿ."

ಸೀನುವನ್ನು ಕರೆಸಿದರು. ಅವನು ಸೀಲು ನೋಡಿ ಹಣೆ ಚಚ್ಚಿಕೊಂಡ. ಮತ್ತೆ ತುಂಬಲು ಖಾಲಿ ಫಾರಂ ಒಂದೂ ಇರಲಿಲ್ಲ. ಜೆರಾಕ್ಸ್ ಯಂತ್ರ ಕಮಿಟಿ ಬರುವ ಹಿಂದಿನ ದಿನವೇ ಕೈಚೆಲ್ಲಿತ್ತು. "ಇದರ ಮೇಲೇ ಇನ್ನೊಂದು ಸೀಲು ಒತ್ತಿಬಿಡ್ಲಾ ಮೇಡಂ?" ಎಂದ.

"ನಿನ್ನ ಹಣೆ ಮೇಲೆ ಒತ್ಕೋ. ಹೋಗು."

ಅವನು ಹೋದ ಮೇಲೆ ಮಧುಮತಿ ಹೇಳಿದಳು: "ಹುಡುಗ್ರು ಬರೆದ ಫಾರಂ ನನ್ನ ರೂಮಲ್ಲಿದಾವೆ ಮೇಡಂ. ಬಿಟಿಎಂನಲ್ಲಿ."

ಸೀತಾಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂರು ವಾರದ ಹಿಂದೆ ಆ ಫಾರಂಗಳನ್ನು ಹಂಚಿ, ತುಂಬಿಸಿ, ಕೂಡಿ ಭಾಗಿಸಿ ತಂದವಳು ಮಧುಮತಿಯೇ. ಇಡೀ ವಿಭಾಗಕ್ಕೆ ಐದಕ್ಕೆ ಎರಡು ಪಾಯಿಂಟ್ ಎಂಟು ಬಂದಿತ್ತು. "ಇದನ್ನ ಮನೆಗೆ ತಗೊಂಡ್ಹೋಗಿ, ಯಾರಿಗೂ ತೋರಿಸ್ಬೇಡಿ" ಎಂದು ಕಳಿಸಿದವರು ಇವರೇ.

"ಅದರಲ್ಲಿ ನಿಮಗೆಷ್ಟು ಬಂದಿದೆ, ನೆನಪಿದೆ ತಾನೆ?"

"ಎರಡು ಪಾಯಿಂಟ್ ಒಂದು."

"ಎಲ್ಲರಿಗಿಂತ ಕಮ್ಮಿ. ನೋಡಿ ಮಧುಮತಿ, ನಾನು ಬೈತಾ ಇಲ್ಲ. ಡಿಸೆಂಬರಲ್ಲಿ ನಿಮ್ಮ ಪರ್ಮನೆಂಟ್ ಆರ್ಡರ್ ಬರಬೇಕು. ಈ ಫೈಲನ್ನ ಕಮಿಟಿ ಒಂದೇ ಅಲ್ಲ, ಮ್ಯಾನೇಜ್‌ಮೆಂಟ್‌ನೋರೂ ಓದ್ತಾರೆ. ಓದಿದ ಮೇಲೆ ನನ್ನ ಕೈಲೇನೂ ಇರಲ್ಲ."

ಹುನಗುಂದದಿಂದ ಬಂದು ಮೂರು ವರ್ಷ. ಪ್ರತಿ ಜುಲೈಯಲ್ಲಿ ಗುತ್ತಿಗೆ ಮುಗಿದು ಕೆಲಸ ಹೋಗಿ, ಪ್ರತಿ ಆಗಸ್ಟಿನಲ್ಲಿ ಮತ್ತೆ ಸಿಗುತ್ತಿತ್ತು. ಮಧುಮತಿ ಗಡಿಯಾರ ನೋಡಿದಳು. ಒಂಬತ್ತು ಹದಿನೇಳು.

"ಫೈಲು ಖಾಲಿ ಇಡ್ತೀರೇನ್ ಮೇಡಂ?"

ಮೇಡಂ ಕನ್ನಡಕ ಹಾಕಿಕೊಂಡು, "ಆಟೋದಲ್ಲಿ ಹೋದ್ರೆ ಬರಕ್ಕಾಗತ್ತಾ?" ಎಂದರು.

ಗೇಟಿನ ಹತ್ತಿರ ಅಟೆಂಡರ್ ಬೋರಣ್ಣ ಕುಂಡಗಳಿಗೆ ನೀರು ಹಾಕುತ್ತಿದ್ದ. ಚಿಕ್ಕಲಸಂದ್ರದವನು. ಕಾಲೇಜಿನ ವರ್ಕ್‌ಶಾಪ್ ನಿಂತಿದ್ದು ಅವನ ಅಪ್ಪನ ರಾಗಿ ಹೊಲದ ಮೇಲೆ; ಜಮೀನು ಕೊಟ್ಟಿದ್ದಕ್ಕೆ ಸಿಕ್ಕ ಕೆಲಸ ಅವನದು. ವಿಷಯ ಕೇಳಿ ಕೊಳವೆ ಬಿಸಾಕಿದ.

"ಆಟೋದೋರು ಬಿಟಿಎಂ ಅಂದ್ರೆ ಮಕ ತಿರುಗುಸ್ತಾರೆ. ಬನ್ನಿ ಮೇಡಂ, ನಾನು ಕರ್ಕೊಂಡೋಯ್ತೀನಿ."

ಅವನ ಟಿವಿಎಸ್ ಫಿಫ್ಟಿ ಅವನಷ್ಟೇ ಹಳೆಯದಾಗಿ ಕಾಣುತ್ತಿತ್ತು. ಮಧುಮತಿ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಅಡ್ಡ ಕೂತಳು. ಬಂಡಿ ಒಮ್ಮೆ ಕೆಮ್ಮಿ, ರಿಂಗ್ ರಸ್ತೆಗೆ ಬಿತ್ತು. ಬನಶಂಕರಿ ದೇವಸ್ಥಾನದ ಎದುರು ಎರಡು ಬಸ್ಸುಗಳ ನಡುವೆ ತೂರಿತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಿದ್ದನ್ನು ಬೋರಣ್ಣ ನೋಡಲೇ ಇಲ್ಲ, ಏಕೆಂದರೆ ಅವನು ಹಿಂದೆ ತಿರುಗಿ ಮಾತಾಡುತ್ತಿದ್ದ.

"ಮುಂದ ನೋಡ್ರಿ ಬೋರಣ್ಣಾ! ಲಾರಿ!"

"ಲಾರಿ ಅದರ ಪಾಡಿಗೆ ಓಯ್ತದೆ ಬುಡಿ ಮೇಡಂ."

"ಮುಂದ ನೋಡಿ ಮಾತಾಡ್ರಿ, ನನಗೆ ಕೇಳಸ್ತದ."

"ಮಕ ನೋಡ್ದೆ ಎಂಗೆ ಮಾತಾಡೋದು ಮೇಡಂ? ಗೋಡೆ ಜೊತೆ ಮಾತಾಡ್ದಂಗಾಯ್ತದೆ."

ಮಧುಮತಿ ಎರಡೂ ಕೈಯಿಂದ ಸೀಟಿನ ಕಂಬಿ ಹಿಡಿದುಕೊಂಡಳು. ಜಯದೇವ ಸರ್ಕಲ್ ಬರುವವರೆಗೂ ಬಿಡಲಿಲ್ಲ. ಗಾಳಿಗೆ ಜಡೆ ಹಿಂದೆ ಹಾರುತ್ತಿತ್ತು.

ರೂಮಿನಲ್ಲಿ, ಬಾಡಿಗೆ ಹಂಚಿಕೊಂಡಿದ್ದ ಪಾರವ್ವ ಬಟ್ಟೆ ಹಿಂಡುತ್ತಿದ್ದಳು. ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಮಧ್ಯಾಹ್ನದ ಪಾಳಿ ಅವಳದು. ಮಂಚದ ಕೆಳಗಿನ ಟ್ರಂಕು ಎಳೆದು ಫಾರಂ ಕಟ್ಟು ತೆಗೆಯುತ್ತಿದ್ದ ಮಧುಮತಿಯ ಬಾಯಿಂದ ಎರಡು ಮಾತು ಕೇಳಿದ್ದೇ ತಡ, ಸೊಂಟಕ್ಕೆ ಕೈಯಿಟ್ಟಳು.

"ತಲಿ ಕೆಟ್ಟೈತೇನ ನಿನಗ? ಅವರ ಮನಿ ಉಳಸಾಕ ನಿನ್ನ ಮನಿಗೆ ಬೆಂಕಿ ಇಡ್ತಿ? ನಿನ್ನ ಬಗ್ಗೆ ಬರದ ಹಾಳಿ ಅಷ್ಟು ತಗದ ಒಗಿ."

"ಎಲ್ಲಾ ಹಾಳಿಯೊಳಗೂ ನಾ ಅದೀನಿ."

"ಹಂಗಾದ್ರ ಎಲ್ಲಾ ಒಗಿ!"

ಮಧುಮತಿ ಕಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು. ಅದರೊಳಗೇನಿದೆ ಎಂದು ನೋಡುವ ಅಗತ್ಯವಿರಲಿಲ್ಲ. ಬಾಯಿಪಾಠವಾಗಿತ್ತು. ಹನ್ನೊಂದನೇ ಪ್ರಶ್ನೆ: ಯಾವ ವಿಷಯದ ಪಾಠ ಅರ್ಥವಾಗುವುದಿಲ್ಲ, ಏಕೆ? ಐವತ್ತನಾಲ್ಕರಲ್ಲಿ ಮೂವತ್ತೇಳು ಜನ ಥರ್ಮೋಡೈನಮಿಕ್ಸ್ ಎಂದು ಬರೆದಿದ್ದರು; ಶಾಖ, ಎಂಜಿನ್ನುಗಳ ಆ ವಿಷಯ ಮಧುಮತಿಯದು. ಏಕೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ರೀತಿಯ ಇಂಗ್ಲಿಷಿನಲ್ಲಿ ಬರೆದಿದ್ದರೂ ಮಾತು ಒಂದೇ. ಮೇಡಂ ಬೋರ್ಡಿನ ಜೊತೆ ಮಾತಾಡ್ತಾರೆ, ನಮ್ಮ ಜೊತೆ ಅಲ್ಲ. ಒಬ್ಬನಂತೂ ಬರೆಯುವ ಗೋಜಿಗೇ ಹೋಗದೆ ಚಿತ್ರ ಬಿಡಿಸಿದ್ದ. ಒಂದು ಬೋರ್ಡು, ಅದರ ಮುಂದೆ ಒಂದು ಉದ್ದ ಜಡೆ. ಮುಖವಿಲ್ಲ. ಕೆಳಗೆ ‘ನಮ್ಮ ಥರ್ಮೋ ಮೇಡಂ’.

ಸೆಮಿಸ್ಟರಿನ ಮೊದಲ ವಾರ ಅವಳು ಹುಡುಗರ ಕಡೆಗೇ ತಿರುಗಿ ಪಾಠ ಮಾಡಿದ್ದಳು. "ತಿಳೀತೇನ್ರಿ?" ಎಂದು ಕೇಳಿದ್ದಳು. ಹಿಂದಿನ ಬೆಂಚಿನಿಂದ ಅವಳದೇ ಧಾಟಿಯಲ್ಲಿ "ತಿಳೀತ್ರಿ, ತಿಳೀತ್ರಿ" ಎಂದು ಕೋರಸ್ ಬಂದಿತ್ತು. ಅದು ಕಾರಿಡಾರಿಗೂ ಬಂತು, ಕ್ಯಾಂಟೀನಿಗೂ ಬಂತು. ಎರಡನೇ ವಾರದಿಂದ ಅವಳು ಬರೀ ಇಂಗ್ಲಿಷಿನಲ್ಲಿ, ಬರೀ ಬೋರ್ಡಿಗೆ ಪಾಠ ಹೇಳುತ್ತಿದ್ದಳು. ಬೋರ್ಡು ನಗುತ್ತಿರಲಿಲ್ಲ.

ವಾಪಸು ಬರುವಾಗ ಬೋರಣ್ಣ ಇನ್ನೂ ಜೋರಾಗಿ ಓಡಿಸಿದ. ಕಾಲೇಜಿನ ಗೇಟಿನಲ್ಲಿ ಧಡಕ್ಕನೆ ಇಳಿಯುವಾಗ ಸೈಲೆನ್ಸರ್ ತಾಗಿ ಹಿಮ್ಮಡಿ ಚುರ್ರೆಂದಿತು, ಸೀರೆಯ ಅಂಚು ರೂಪಾಯಿಯಗಲ ಸುಟ್ಟಿತು. ಗಂಟೆ ಹತ್ತು ಇಪ್ಪತ್ತೆಂಟು. ಮಧುಮತಿ ಕುಂಟುತ್ತಲೇ ಮೆಟ್ಟಿಲು ಹತ್ತಿ, ಸೀನುವಿನ ಫಾರಂಗಳನ್ನು ಕಿತ್ತು ಅವನ ಕೈಗೇ ಕೊಟ್ಟು, ಹುಡುಗರದ್ದನ್ನು ಫೈಲಿಗೆ ಪೋಣಿಸಿದಳು. ದಾರ ಕಟ್ಟಿ ಮುಗಿಸುವಷ್ಟರಲ್ಲಿ ಕಾರಿಡಾರಿನಲ್ಲಿ ಬೂಟಿನ ಸದ್ದು ಕೇಳಿಸಿತು.

ಛೇರ್ಮನ್ನರು ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಆರು ಫೈಲುಗಳನ್ನು ಇಸ್ಪೀಟಿನ ಎಲೆಯಂತೆ ತಿರುವಿ ಪಕ್ಕಕ್ಕಿಟ್ಟರು. ಏಳನೆಯದಕ್ಕೆ ಬಂದಾಗ ನಿಂತರು. ಒಂದು ಫಾರಂ ಓದಿದರು, ಇನ್ನೊಂದು ಓದಿದರು, ಕುರ್ಚಿ ಮುಂದೆಳೆದುಕೊಂಡರು. ಸೀತಾಲಕ್ಷ್ಮಿ ಮೇಡಂ ಬೆರಳಿನ ಉಂಗುರ ತಿರುಗಿಸುತ್ತ ನಿಂತಿದ್ದರು.

ಇದ್ದಕ್ಕಿದ್ದಂತೆ ಮುದುಕರು ನಕ್ಕರು. ಒಂದು ಹಾಳೆ ಎತ್ತಿ ತಮ್ಮವರಿಗೆಲ್ಲ ತೋರಿಸಿದರು. ಬೋರ್ಡು, ಜಡೆ.

"ಇವರು ಯಾರು?" ಇಂಗ್ಲಿಷಿನಲ್ಲಿ ಕೇಳಿದರು.

ಸೀತಾಲಕ್ಷ್ಮಿ ಕಿಟಕಿಯ ಕಡೆ ನೋಡಿದರು. ಮಧುಮತಿ ನಿಂತಲ್ಲೇ ಬೆನ್ನು ತಿರುಗಿಸಿ, ಜಡೆ ತೋರಿಸಿ, ಮತ್ತೆ ಈ ಕಡೆ ತಿರುಗಿದಳು.

ಕಮಿಟಿಯ ನಾಲ್ವರೂ ಗೊಳ್ಳೆಂದು ನಕ್ಕರು. ಸೀತಾಲಕ್ಷ್ಮಿ ಮೇಡಂ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಗು ಇಳಿದ ಮೇಲೆ ಮುದುಕರು ಪೆನ್ನಿನ ತುದಿಯನ್ನು ಹಾಳೆಯ ಮೇಲಿನ ತಾರೀಕಿಗೆ ಕುಟ್ಟಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ. ಹುಡುಗರು ಇದನ್ನು ಬರೆದು ಮೂರು ವಾರವಾಗಿದೆ, ನೀವು ಏನು ಕ್ರಮ ತೆಗೆದುಕೊಂಡಿರಿ, ಎಂದು ಕೇಳಿದರು.

ಫೈಲಿನಲ್ಲಿ ಅದಕ್ಕೊಂದು ಹಾಳೆಯೇ ಇರಲಿಲ್ಲ. ಸೀನು ‘ಅತ್ಯುತ್ತಮ’ ಎಂದು ತುಂಬಿದ್ದ ಫೈಲಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

"ಇನ್ನೂ ಇಲ್ಲ ಸರ್," ಎಂದಳು ಮಧುಮತಿ. "ಈಗ ಹನ್ನೊಂದೂವರೆಗೆ ಅದೇ ಹುಡುಗರ ಕ್ಲಾಸಿದೆ."

"ನಾನೂ ಬರುತ್ತೇನೆ," ಎಂದು ಮುದುಕರು ಎದ್ದರು.

ಬಾಗಿಲಲ್ಲಿ ನಿಂತಿದ್ದ ಬೋರಣ್ಣನಿಗೆ ಇಂಗ್ಲಿಷ್ ಬರದಿದ್ದರೂ ಇದು ಅರ್ಥವಾಯಿತು. ಎದ್ದೆನೋ ಬಿದ್ದೆನೋ ಎಂದು ಕ್ಲಾಸಿನ ಕಡೆ ಓಡಿದ.

ಕ್ಲಾಸಿನಲ್ಲಿ ಹುಡುಗರು ಇಸ್ತ್ರಿ ಶರ್ಟಿನಲ್ಲಿ ಸೆಟೆದು ಕೂತಿದ್ದರು. ಮುದುಕರು ಆ ಚಿತ್ರದ ಹಾಳೆ ಹಿಡಿದೇ ಹೋಗಿ ಕೊನೆಯ ಬೆಂಚಿನಲ್ಲಿ, ಮನೋಜ್ ಎಂಬ ಹುಡುಗನ ಪಕ್ಕ ಕೂತರು. ಮನೋಜ್‌ನ ಮುಖ ಬಿಳಿಚಿತು. ಜಡೆ ಬಿಡಿಸಿದವನು ಯಾರೆಂದು ಮಧುಮತಿಗೆ ಆಗ ಗೊತ್ತಾಯಿತು. ಸೀತಾಲಕ್ಷ್ಮಿ ಮೇಡಂ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಮಧುಮತಿ ಅಭ್ಯಾಸಬಲದಿಂದ ಬೋರ್ಡಿಗೆ ತಿರುಗಿ ಸೀಮೆಸುಣ್ಣ ಒತ್ತಿದಳು. ಅದು ಜಾರಿತು. ಗುರುತೇ ಬೀಳಲಿಲ್ಲ. ಮತ್ತೊಮ್ಮೆ ಒತ್ತಿದಳು. ಬೋರ್ಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ತೊಳೆದು ಫಳಫಳ ಹೊಳೆಯುತ್ತಿತ್ತು. ಕಿಟಕಿಯಾಚೆ ಬೋರಣ್ಣ ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದ.

ಅವಳು ಈ ಕಡೆ ತಿರುಗಿದಳು. ಐವತ್ತನಾಲ್ಕು ಮುಖ. ಮೂರು ತಿಂಗಳಲ್ಲಿ ಇಷ್ಟು ಹೊತ್ತು ಅವನ್ನು ನೋಡಿರಲಿಲ್ಲ. ಇಬ್ಬರಿಗೆ ಮೀಸೆ ಬಂದಿತ್ತು. ಹಿಮ್ಮಡಿ ಉರಿಯುತ್ತಿತ್ತು.

"ಇವತ್ತು ಬೋರಣ್ಣಾರ ಟಿವಿಎಸ್ ಮ್ಯಾಲೆ ಬಿಟಿಎಂಗೆ ಹೋಗಿ ಬಂದೆ," ಎಂದಳು. ಇದು ಇಂಗ್ಲಿಷಲ್ಲ ಎಂದು ಗೊತ್ತಾಗುವಷ್ಟರಲ್ಲಿ ಮಾತು ಆಚೆ ಬಂದಿತ್ತು. "ಸೈಲೆನ್ಸರ್ ತಾಗಿ ಕಾಲು ಸುಟ್ಟೇತಿ. ಪೆಟ್ರೋಲ್ ಹಾಕಿದ್ದು ಬಂಡಿ ಓಡ್ಲಿ ಅಂತ. ನನ್ನ ಕಾಲು ಸುಡ್ಲಿ ಅಂತ ಅಲ್ಲ. ಆ ಶಾಖ ಅಲ್ಲಿಗ್ಯಾಕ ಬಂತು? ಹೇಳ್ರಿ."

ಮೂರನೇ ಬೆಂಚಿನಿಂದ ಕಿಸಕ್ಕನೆ ನಗು ಎದ್ದಿತು. ಅದು ಪಕ್ಕಕ್ಕೆ ಹಬ್ಬಿ, ಹಿಂದಕ್ಕೆ ಹೋಯಿತು. "ಹೇಳ್ರೀ" ಎಂದು ಯಾರೋ ಎಳೆದರು. ಮಧುಮತಿಯ ಕತ್ತು ತಾನಾಗಿ ಹಿಂದಕ್ಕೆ ಹೊರಳಿತು. ಬೋರ್ಡು ಇನ್ನೂ ಒದ್ದೆ. ಕತ್ತು ಮುಂದಕ್ಕೆ ಬಂತು. ನಗುವವರು ನಕ್ಕು ಮುಗಿಸುವವರೆಗೆ ಅವರ ಮುಖಗಳನ್ನೇ ನೋಡುತ್ತ ನಿಂತಳು. ಸ್ವಲ್ಪ ಹೊತ್ತು ಹಿಡಿಯಿತು.

"ನಕ್ಕಿದ್ದಾತಲ್ಲ? ಈಗ ಹೇಳ್ರಿ."

ಕೊನೆಯ ಬೆಂಚಿನಲ್ಲಿ ಮನೋಜ್ ಎದ್ದು ನಿಂತ. "ಮೇಡಂ, ಆ ಶಾಖನೂ ಹಿಡಿದು ಬಂಡಿ ಓಡಿಸ್ಬೋದಲ್ವಾ? ಸುಮ್ನೆ ಯಾಕೆ ವೇಸ್ಟ್ ಮಾಡ್ಬೇಕು?"

"ಪೂರಾ ಹಿಡೀಬಹುದೇನು?"

"ಹಿಡಿದ್ರೆ ಹಂಡ್ರೆಡ್ ಪರ್ಸೆಂಟ್ ಆಗತ್ತೆ."

"ನೂರಕ್ಕ ನೂರು ಕೊಡೋ ಎಂಜಿನ್ ಯಾರರ ನೋಡೀರೇನು?"

ಬಾಗಿಲಲ್ಲಿ ಸೀತಾಲಕ್ಷ್ಮಿ ಮೇಡಂ ಕೆಮ್ಮಿದರು.

"ಮಗಾ, ಸೀನು ಹತ್ರ ಕೇಳು, ಕೊಡ್ತಾನೆ," ಎಂದು ನಡುಬೆಂಚಿನವನೊಬ್ಬ ಪಿಸುಗುಟ್ಟಿದ. ಅಷ್ಟರಲ್ಲಿ ಮತ್ತೊಬ್ಬ ಎದ್ದಿದ್ದ, ಅವನ ಮಾತಿಗೆ ಅಡ್ಡ ಇನ್ನೊಬ್ಬ ಎದ್ದ. ರೈಲಿನ ಎಂಜಿನ್ ಬಂತು, ಕುಕ್ಕರ್ ಬಂತು. ಮಧುಮತಿ ಒಬ್ಬನಿಗೆ ಉತ್ತರ ಹೇಳುವಷ್ಟರಲ್ಲಿ ಇಬ್ಬರು ಕೈಯೆತ್ತುತ್ತಿದ್ದರು. ಅವಳ ದನಿ ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ಮುದುಕರು ಕನ್ನಡ ಬಾರದ ಕಿವಿಯನ್ನು ಅಂಗೈಯಿಂದ ಮುಂದಕ್ಕೆ ಬಾಗಿಸಿಕೊಂಡಿದ್ದರು. ಎದುರಿನ ವರದಿ ಹಾಳೆಯ ಮೇಲೆ ಏನನ್ನೂ ಬರೆದಿರಲಿಲ್ಲ.

ಕಿಟಕಿಯಾಚೆ ಬೋರಣ್ಣ ಕಳವಳದಿಂದ ತನ್ನ ಬೋರ್ಡನ್ನು ನೋಡುತ್ತಿದ್ದ. ಅದು ಅಂಚಿನಿಂದ ಒಣಗುತ್ತ ಬಂದು, ನಡುವೆ ಒಂದಿಷ್ಟಗಲ ಮಾತ್ರ ಒದ್ದೆ ಉಳಿದಿತ್ತು. ಆಮೇಲೆ ಅದೂ ಒಣಗಿತು. ಮಧುಮತಿ ಅತ್ತ ತಿರುಗಲಿಲ್ಲ; ಸೀಮೆಸುಣ್ಣ ಇಡಿಯಾಗಿ ಅವಳ ಕೈಯಲ್ಲೇ ಇತ್ತು.